ಕಾಯ್ದೆ ಕೊಟ್ಟ ಹಕ್ಕು, ತಾಲ್ಲೂಕಿಗೆ ಬಾರದ ಚಿಕಿತ್ಸೆ

ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣದಿಂದ ನಡೆಯುವ ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುವುದು ಭಾರತದಲ್ಲಿ ಪ್ರತಿಯೊಬ್ಬರ ಹಕ್ಕು. 2017ರಲ್ಲಿ ಸಂಸತ್ತು ಒಪ್ಪಿದ, 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಬಡವರಿಗೆ, ಸೂರಿಲ್ಲದವರಿಗೆ ಚಿಕಿತ್ಸೆ ಉಚಿತ. ಬಿಪಿಎಲ್ ಕಾರ್ಡ್ ಇದೆಯೇ ಎಂದು ಕೇಳುವಂತಿಲ್ಲ. ಜಿಲ್ಲೆಯಲ್ಲಿ ಕನಿಷ್ಠ ಸರ್ಕಾರಿ ಸೇವೆಯೂ ಸಿಗದಿದ್ದರೆ ರೋಗಿ ಅದೇ ಜಿಲ್ಲೆಯ ಬೇರೆ ಆಸ್ಪತ್ರೆಗೆ ಹೋಗಬಹುದು, ಖರ್ಚನ್ನು ಸರ್ಕಾರ ಭರಿಸಬೇಕು. 31ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗಡುವನ್ನೇ ಹಾಕಿದೆ: ಜನಸಂಖ್ಯೆಗೆ ತಕ್ಕಷ್ಟು ಮನೋವೈದ್ಯರು ಮತ್ತು ಇತರ ಪರಿಣತರು ಇರುವಂತೆ ಹತ್ತು ವರ್ಷದೊಳಗೆ ಸರ್ಕಾರಗಳು ಪ್ರಯತ್ನಿಸಬೇಕು. ಆ ಹತ್ತು ವರ್ಷ 2028ರ ಮೇ ತಿಂಗಳಿಗೆ ಮುಗಿಯುತ್ತದೆ.

ಸಮಸ್ಯೆಯ ಅಗಾಧತೆಯನ್ನು ಮೊದಲ ಬಾರಿಗೆ ವ್ಯವಸ್ಥಿತವಾಗಿ ತೋರಿಸಿದ್ದು 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್ ಇದನ್ನು 12 ರಾಜ್ಯಗಳಲ್ಲಿ ನಡೆಸಿತು. ಪ್ರಾಯೋಗಿಕ ಸಮೀಕ್ಷೆ ನಡೆದದ್ದು ನಮ್ಮ ಕೋಲಾರದಲ್ಲಿ. ಆದರೆ ಮುಖ್ಯ ಸಮೀಕ್ಷೆಯ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ವಯಸ್ಕರಲ್ಲಿ ಶೇ 10.6ರಷ್ಟು ಮಂದಿ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಅದಕ್ಕಿಂತ ಕಳವಳಕಾರಿಯಾದದ್ದು ಇನ್ನೊಂದು ಅಂಕಿ. ಕಾಯಿಲೆ ಯಾವುದು ಎಂಬುದನ್ನು ಅವಲಂಬಿಸಿ, ಚಿಕಿತ್ಸೆ ಬೇಕಾದವರಲ್ಲಿ ಶೇ 70ರಿಂದ 92ರಷ್ಟು ಜನಕ್ಕೆ ಅದು ಸಿಕ್ಕಿರಲೇ ಇಲ್ಲ. ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಪೂರ್ತಿ ಇಲ್ಲ, 0.75 ಮಾತ್ರ. ಕನಿಷ್ಠ ಮೂವರಾದರೂ ಇರಬೇಕೆಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಅಳತೆ.

ಮನೋವೈದ್ಯರ ಸಂಖ್ಯೆ ನಾಳೆಗೇ ನಾಲ್ಕು ಪಟ್ಟು ಆಗುವುದಿಲ್ಲ. ಹಾಗಾದರೆ ಅಷ್ಟು ವರ್ಷ ರೋಗಿಗಳು ಕಾಯಬೇಕೆ? ಬೇಕಿಲ್ಲ ಎಂಬ ಉತ್ತರವನ್ನು ಕರ್ನಾಟಕವೇ ದೇಶಕ್ಕೆ ಕೊಟ್ಟಿತ್ತು. 1970ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ, ಚಂಡೀಗಢದ ವೈದ್ಯರು ಹರಿಯಾಣದ ರಾಯ್‌ಪುರ್ ರಾಣಿಯಲ್ಲಿ ಒಂದೇ ಬಗೆಯ ಪ್ರಯೋಗಕ್ಕೆ ಕೈಹಾಕಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರು, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರು ಸ್ವಲ್ಪ ತರಬೇತಿ ಪಡೆದರೆ ಮಾನಸಿಕ ಕಾಯಿಲೆಯನ್ನು ಗುರುತಿಸಬಲ್ಲರೇ, ಔಷಧ ಕೊಟ್ಟು ನೋಡಿಕೊಳ್ಳಬಲ್ಲರೇ ಎಂಬುದು ಪ್ರಶ್ನೆ. ಬಲ್ಲರು ಎಂದು ಕಂಡುಬಂತು. ಆ ಅನುಭವದ ಮೇಲೆಯೇ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು.

ಒಂದು ಇಡೀ ಜಿಲ್ಲೆಯಲ್ಲಿ ಇದು ನಡೆಯುತ್ತದೆಯೇ ಎಂದು ನೋಡಲು ಆಯ್ದುಕೊಂಡದ್ದು ಬಳ್ಳಾರಿಯನ್ನು. 1985ರಿಂದ ಅಲ್ಲಿನ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ನಿಮ್ಹಾನ್ಸ್ ತಂಡ ತರಬೇತಿ ಕೊಟ್ಟಿತು. ಬೆರಳೆಣಿಕೆಯ ಅಗತ್ಯ ಔಷಧಗಳು, ಯಾರು ಬೇಕಾದರೂ ತುಂಬಬಹುದಾದ ಸರಳ ದಾಖಲೆ ಪುಸ್ತಕ, ತಿಂಗಳಿಗೊಮ್ಮೆ ಜಿಲ್ಲಾ ಮಟ್ಟದಲ್ಲಿ ಪರಿಶೀಲನೆ: ವ್ಯವಸ್ಥೆ ಇಷ್ಟೇ. ಹಳ್ಳಿಯ ರೋಗಿ ‘ಮನಸ್ಸು ಸರಿಯಿಲ್ಲ’ ಎಂದು ಬರುವುದು ಅಪರೂಪ. ತಲೆನೋವು, ನಿದ್ದೆ ಬರದಿರುವುದು, ಎದೆ ಹಿಂಡಿದಂತಾಗುವುದು, ಊಟ ಸೇರದಿರುವುದು ಎಂದೇ ಬರುತ್ತಾನೆ. ಅದರ ಹಿಂದಿನ ಖಿನ್ನತೆಯನ್ನು ಎದುರಿಗೆ ಕುಳಿತ ವೈದ್ಯ ಗುರುತಿಸಿದರೆ ಅರ್ಧ ಕೆಲಸ ಆದಂತೆ. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಈ ವ್ಯವಸ್ಥೆಯನ್ನು ಅನುಸರಿಸಿ 1996ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಈಗ 767 ಜಿಲ್ಲೆಗಳಿಗೆ ಅದು ಮಂಜೂರಾಗಿದೆ.

ಮಂಜೂರಾತಿ ಬೇರೆ, ಸೇವೆ ಬೇರೆ. ಜಿಲ್ಲೆಗೊಂದು ತಂಡ ಇರಬೇಕೆಂದು ಯೋಜನೆ ಹೇಳುತ್ತದೆ: ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ದಾದಿಯರು. ಗುತ್ತಿಗೆಯ ಕೆಲಸ, ಕಡಿಮೆ ಸಂಬಳ ಎಂದಾಗ ಪರಿಣತರು ನಿಲ್ಲುವುದಿಲ್ಲ. ಹುದ್ದೆ ಖಾಲಿ ಬಿದ್ದರೆ ತಂಡ ನಡೆಸುವ ಶಿಬಿರ ನಿಲ್ಲುತ್ತದೆ. ಔಷಧದ ಮಾತು ಇದಕ್ಕಿಂತ ಮುಖ್ಯ. ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆಗಳಿಗೆ ಮಾತ್ರೆಯನ್ನು ವರ್ಷಗಟ್ಟಲೆ ತಪ್ಪದೆ ತೆಗೆದುಕೊಳ್ಳಬೇಕಾಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ‘ಸ್ಟಾಕ್ ಇಲ್ಲ, ಮುಂದಿನ ತಿಂಗಳು ಬನ್ನಿ’ ಎಂದರೆ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಬಂದ ಕುಟುಂಬ ಬರಿಗೈಯಲ್ಲಿ ಹಿಂದಿರುಗುತ್ತದೆ. ಮಾತ್ರೆ ತಪ್ಪಿದ ಕೆಲವೇ ವಾರಗಳಲ್ಲಿ ಕಾಯಿಲೆ ಮರುಕಳಿಸಬಹುದು. ಚೇತರಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದ ಮನುಷ್ಯ ಮತ್ತೆ ಹಾಸಿಗೆ ಹಿಡಿಯುತ್ತಾನೆ, ‘ಈ ಔಷಧದಿಂದ ಏನೂ ಆಗುವುದಿಲ್ಲ’ ಎಂದು ಊರು ತೀರ್ಮಾನಿಸುತ್ತದೆ. ಜನರಲ್ಲಿ ತಿಳಿವಳಿಕೆ ಇಲ್ಲ, ಮೂಢನಂಬಿಕೆ ಹೆಚ್ಚು ಎಂದು ದೂರುವವರು ಈ ಖಾಲಿ ಕಪಾಟಿನ ಕಡೆಗೂ ನೋಡಬೇಕು.

ಹಣದ ಲೆಕ್ಕವೂ ಇದನ್ನೇ ಹೇಳುತ್ತದೆ. 2023-24ರ ಕೇಂದ್ರ ಬಜೆಟ್‌ನಲ್ಲಿ ಮಾನಸಿಕ ಆರೋಗ್ಯಕ್ಕೆಂದು ನೇರವಾಗಿ ಕಾಣುವ ಹಣ ಸುಮಾರು 919 ಕೋಟಿ ರೂಪಾಯಿ, ಆರೋಗ್ಯ ಸಚಿವಾಲಯದ ಪಾಲಿನಲ್ಲಿ ಶೇ 1ರಷ್ಟು. ಅದರಲ್ಲಿ 721 ಕೋಟಿ ನಿಮ್ಹಾನ್ಸ್‌ಗೆ, 64 ಕೋಟಿ ಅಸ್ಸಾಂನ ತೇಜ್‌ಪುರದ ಮಾನಸಿಕ ಆರೋಗ್ಯ ಸಂಸ್ಥೆಗೆ, ಉಳಿದ ಸುಮಾರು 134 ಕೋಟಿ ದೂರವಾಣಿ ಸೇವೆಗೆ. ದೊಡ್ಡ ಸಂಸ್ಥೆಗಳು ಬೇಕು. ಅವುಗಳಿಗೆ ಕೊಟ್ಟದ್ದು ಹೆಚ್ಚಾಯಿತೆಂದು ಯಾರೂ ಹೇಳಲಾರರು. ಆದರೆ ಜಿಲ್ಲೆಗಳ ಪಾಲು ರಾಷ್ಟ್ರೀಯ ಆರೋಗ್ಯ ಅಭಿಯಾನದ ದೊಡ್ಡ ಮೊತ್ತದೊಳಗೆ ಬೆರೆತುಹೋಗುತ್ತದೆ. ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂದು ಜಿಲ್ಲಾವಾರು ಕೇಳಿ ತಿಳಿಯುವುದು ಸಾಮಾನ್ಯ ನಾಗರಿಕನಿಗೆ ಕಷ್ಟ. ಆರೋಗ್ಯ ರಾಜ್ಯಪಟ್ಟಿಯ ವಿಷಯ. ಆದ್ದರಿಂದ ಪ್ರತ್ಯೇಕ ಶೀರ್ಷಿಕೆಯಲ್ಲಿ ಹಣ ಇಡುವ, ಲೆಕ್ಕ ಪ್ರಕಟಿಸುವ ಹೊಣೆ ರಾಜ್ಯಗಳ ಮೇಲೂ ಅಷ್ಟೇ ಇದೆ.

ದೂರವಾಣಿ ಸೇವೆ ಎಂದರೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕಷ್ಟದ ಹೊತ್ತಿನಲ್ಲಿ ಇದು ನಿಜವಾದ ಆಸರೆ. ಆದರೂ ಫೋನಿನ ಆ ತುದಿಯಲ್ಲಿರುವವರು ‘ಹತ್ತಿರದ ಆಸ್ಪತ್ರೆಗೆ ಹೋಗಿ’ ಎಂದಾಗ ಆ ಆಸ್ಪತ್ರೆಯಲ್ಲಿ ವೈದ್ಯರೂ ಔಷಧವೂ ಇರಬೇಕು.

2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಪ್ರಾಣ ಕಳೆದುಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಲೆಕ್ಕ ಕೊಟ್ಟಿದೆ. ಅದೇ ವರ್ಷ ಕೇಂದ್ರ ಪ್ರಕಟಿಸಿದ ಆತ್ಮಹತ್ಯೆ ತಡೆ ಕಾರ್ಯತಂತ್ರದ ಗುರಿ, 2030ರೊಳಗೆ ಈ ಸಾವುಗಳನ್ನು ಶೇ 10ರಷ್ಟು ಇಳಿಸುವುದು. ಯತ್ನಿಸಿ ಬದುಕುಳಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಅವರಿಗೆ ಆರೈಕೆ ಕೊಡಬೇಕೆಂದು ಕಾಯ್ದೆಯ 115ನೇ ಕಲಂ ವಿಧಿಸಿದೆ. ಠಾಣೆಯಲ್ಲೂ ತುರ್ತು ಚಿಕಿತ್ಸಾ ಘಟಕದಲ್ಲೂ ಇದು ಪಾಲನೆಯಾಗಬೇಕಾದರೆ ಪೊಲೀಸರಿಗೆ, ಕರ್ತವ್ಯದ ಮೇಲಿರುವ ವೈದ್ಯರಿಗೆ ತರಬೇತಿ ಬೇಕು.

ಚಿಕಿತ್ಸೆಯ ನಂತರದ ಬದುಕು ಸರ್ಕಾರಗಳು ಅತಿ ಹೆಚ್ಚು ಮರೆತ ಭಾಗ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ರೋಗಿಗಳನ್ನು ಇರಿಸಿದ್ದ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದರಿಂದ ಓಡಲಾರದೆ 28 ಮಂದಿ ಮಾನಸಿಕ ರೋಗಿಗಳು ಸತ್ತರು. ಸರಪಳಿ ಹಾಕುವುದನ್ನು 2017ರ ಕಾಯ್ದೆ ಪೂರ್ತಿಯಾಗಿ ನಿಷೇಧಿಸಿದೆ. ಮನೆಯವರು ಕರೆದೊಯ್ಯಲಿಲ್ಲವೆಂಬ ಒಂದೇ ಕಾರಣಕ್ಕೆ ಗುಣವಾದವರನ್ನು ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬಾರದು, ಅವರಿಗಾಗಿ ಮಧ್ಯಂತರ ವಸತಿಗಳನ್ನು, ಗುಂಪು ಮನೆಗಳನ್ನು ಸರ್ಕಾರ ಕಟ್ಟಬೇಕು ಎನ್ನುತ್ತದೆ 19ನೇ ಕಲಂ. ಸುಪ್ರೀಂ ಕೋರ್ಟ್ ಕೂಡ 2017ರಲ್ಲಿ ಇದನ್ನೇ ಒತ್ತಿ ಹೇಳಿತು. ಇಂಥ ವಸತಿಗಳು ಸಾಕಷ್ಟಿಲ್ಲದೆ ಭಾರವೆಲ್ಲ ವಯಸ್ಸಾದ ತಾಯಿತಂದೆಯ ಮೇಲೆ ಬೀಳುತ್ತದೆ. ‘ನಾವು ಹೋದ ಮೇಲೆ ಇವನ ಗತಿಯೇನು’ ಎಂಬ ಅವರ ಪ್ರಶ್ನೆಗೆ ಉತ್ತರಿಸಬೇಕಾದದ್ದು ಸರ್ಕಾರದ ವಸತಿ ಯೋಜನೆ.

ಹಕ್ಕು ಸಿಗದಿದ್ದಾಗ ದೂರು ಕೊಡಲು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗಳನ್ನು ಕಾಯ್ದೆ ರೂಪಿಸಿದೆ. ಸೇವೆಯಲ್ಲಿ ಕೊರತೆ ಕಂಡರೆ ಮೊದಲು ಆಸ್ಪತ್ರೆಯ ಮುಖ್ಯಸ್ಥರಿಗೆ, ನಂತರ ಮಂಡಳಿಗೆ, ರಾಜ್ಯ ಪ್ರಾಧಿಕಾರಕ್ಕೆ ದೂರಬಹುದು. ಉಚಿತ ಕಾನೂನು ನೆರವೂ ಉಂಟು. ಮಂಡಳಿಗಳಿಗೆ ಸದಸ್ಯರನ್ನು ಕಾಲಕಾಲಕ್ಕೆ ನೇಮಿಸಿ, ಕಚೇರಿ ಎಲ್ಲಿದೆಯೆಂದು ಪ್ರತಿ ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸುವುದಕ್ಕೆ ಹೊಸ ಶಾಸನವೇನೂ ಬೇಕಾಗಿಲ್ಲ, ಒಂದು ಸರ್ಕಾರಿ ಆದೇಶ ಸಾಕು.