ಮೈಕ್ರೋಕಂಟ್ರೋಲರ್‌ಗಳ ನಡುವೆ ದ್ವಿಮುಖ ನಿಸ್ತಂತು ಸಂವಹನ

ಎರಡು ಮೈಕ್ರೋಕಂಟ್ರೋಲರ್‌ಗಳು ತಂತಿಯ ನೆರವಿಲ್ಲದೆ, ರೇಡಿಯೋ ತರಂಗಗಳ ಮೂಲಕ ಪರಸ್ಪರ ಸಂದೇಶ ಕಳುಹಿಸಿ ಉತ್ತರ ಪಡೆಯುವ ವಿಧಾನವೇ ದ್ವಿಮುಖ ನಿಸ್ತಂತು ಸಂವಹನ. ಏಕಮುಖ ಸಂವಹನದಲ್ಲಿ ಆಜ್ಞೆ ತಲುಪಿತೋ ಇಲ್ಲವೋ ಎಂಬುದು ಕಳುಹಿಸಿದ ಕಡೆಗೆ ತಿಳಿಯುವುದಿಲ್ಲ. ದ್ವಿಮುಖ ಸಂವಹನವು ಆ ಕೊರತೆಯನ್ನು ನೀಗಿಸುತ್ತದೆ.

ಬಳಕೆಯ ಸಂದರ್ಭ

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಕೆಲವು ಭಾಗಗಳಲ್ಲಿ 2008ರಲ್ಲಿ ನಿರಂತರ ನೀರು ಪೂರೈಕೆ ಆರಂಭವಾಯಿತು. ಉಳಿದೆಡೆ ಕೆಲವು ದಿನಗಳಿಗೊಮ್ಮೆ ನೀರು ಬಿಡುವ ಪದ್ಧತಿ ಬಹುಕಾಲ ಮುಂದುವರಿಯಿತು. ಇಂತಹ ನಗರಗಳಲ್ಲಿ ನೆಲದಡಿಯ ತೊಟ್ಟಿ, ಮಾಳಿಗೆಯ ಮೇಲಿನ ಟ್ಯಾಂಕು ಮತ್ತು ಇವೆರಡರ ನಡುವೆ ಮೋಟಾರು ಇರುವುದು ಸಾಮಾನ್ಯ. ಬೆಂಗೇರಿಯಂತಹ ಬಡಾವಣೆಯ ಮನೆಯೊಂದರಲ್ಲಿ ಟ್ಯಾಂಕಿನ ನೀರಿನ ಮಟ್ಟವನ್ನು ಕೆಳಗಿನ ಮೋಟಾರಿಗೆ ತಿಳಿಸುವುದು ಈ ವಿಧಾನಕ್ಕೆ ಒಪ್ಪುವ ಉದಾಹರಣೆ. ಸಂದೇಶ ತಪ್ಪಿದರೆ ಟ್ಯಾಂಕು ತುಂಬಿ ಹರಿದು, ಕೂಡಿಟ್ಟ ನೀರು ಪೋಲಾಗುತ್ತದೆ.

ಯಂತ್ರಾಂಶ

ನಾರ್ಡಿಕ್ ಸೆಮಿಕಂಡಕ್ಟರ್ ಸಂಸ್ಥೆಯ ಎನ್‌ಆರ್‌ಎಫ್24ಎಲ್01+ ಚಿಪ್ಪನ್ನು ಹೊಂದಿರುವ ಮಾಡ್ಯೂಲ್ ಹವ್ಯಾಸಿಗಳಲ್ಲಿ ಜನಪ್ರಿಯವಾಗಿದೆ. ಪ್ರೇಷಕ ಮತ್ತು ಗ್ರಾಹಕ ಎರಡೂ ಇದರಲ್ಲೇ ಇವೆ. ಆದರೆ ಒಂದು ಕ್ಷಣದಲ್ಲಿ ಒಂದು ಮಾತ್ರ ಕೆಲಸ ಮಾಡುತ್ತದೆ. ಒಂದು ಕಂತಿನಲ್ಲಿ ಗರಿಷ್ಠ 32 ಬೈಟ್ ಮಾಹಿತಿಯನ್ನು ಕಳುಹಿಸಬಹುದು. ಎಸ್‌ಪಿಐ ಸಂಪರ್ಕದ ಮೂಲಕ ಇದನ್ನು ಆರ್ಡುಯಿನೊದಂತಹ ಫಲಕಕ್ಕೆ ಜೋಡಿಸಲಾಗುತ್ತದೆ. ಇದಕ್ಕೆ ಬೇಕಾದ ವಿದ್ಯುತ್ 1.9ರಿಂದ 3.6 ವೋಲ್ಟ್, ವಿದ್ಯುತ್ ಪೂರೈಕೆಯ ಪಿನ್ನಿಗೆ 5 ವೋಲ್ಟ್ ಕೊಟ್ಟರೆ ಚಿಪ್ಪು ಕೆಡಬಹುದು. ವಿದ್ಯುತ್ತಿನ ಏರಿಳಿತವನ್ನು ತಗ್ಗಿಸಲು 10 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಮಾಡ್ಯೂಲಿನ ಸಮೀಪದಲ್ಲೇ ಅಳವಡಿಸುವುದು ರೂಢಿ.

ಆವರ್ತನ

ಭಾರತದಲ್ಲಿ 2400ರಿಂದ 2483.5 ಮೆಗಾಹರ್ಟ್ಸ್ ಪಟ್ಟಿಯನ್ನು ನಿಗದಿತ ಶಕ್ತಿಮಿತಿಯೊಳಗೆ ಪರವಾನಗಿಯಿಲ್ಲದೆ ಬಳಸಬಹುದು. ಚಾನೆಲ್ ಸಂಖ್ಯೆಯನ್ನು 2400ಕ್ಕೆ ಕೂಡಿಸಿದರೆ ಆವರ್ತನ ದೊರೆಯುತ್ತದೆ: ಚಾನೆಲ್ 76 ಎಂದರೆ 2476 ಮೆಗಾಹರ್ಟ್ಸ್. ಚಿಪ್ಪು 125ನೇ ಚಾನೆಲ್‌ವರೆಗೂ ಹೋಗಬಲ್ಲದಾದರೂ 80ರ ಆಸುಪಾಸಿನೊಳಗೆ ಉಳಿಯುವುದು ಸೂಕ್ತ. ವೈಫೈ ಕೂಡ ಇದೇ ಪಟ್ಟಿಯನ್ನು ಬಳಸುವುದರಿಂದ ಸಂದೇಶಗಳಿಗೆ ಅಡಚಣೆಯಾಗಬಹುದು. ಕಾಂಕ್ರೀಟ್ ಗೋಡೆಗಳೂ ತರಂಗಗಳನ್ನು ಕುಗ್ಗಿಸುತ್ತವೆ.

ಸ್ವೀಕೃತಿ ಮತ್ತು ಅದರ ಮಿತಿ

ಸಂದೇಶ ತಲುಪಿದೊಡನೆ ಗ್ರಾಹಕ ಚಿಪ್ಪು ತಾನಾಗಿಯೇ ಸ್ವೀಕೃತಿಯನ್ನು ಮರಳಿಸುತ್ತದೆ. ಅದು ಬಾರದಿದ್ದರೆ ಪ್ರೇಷಕವು 15 ಬಾರಿಯವರೆಗೆ ಮರುಪ್ರಯತ್ನಿಸುವಂತೆ ಹೊಂದಿಸಬಹುದು. ಆದರೆ ಈ ಸ್ವೀಕೃತಿಯು ಸಂದೇಶ ರೇಡಿಯೋವನ್ನು ತಲುಪಿದ್ದನ್ನು ಮಾತ್ರ ಸೂಚಿಸುತ್ತದೆ; ಮೋಟಾರು ನಿಂತಿತು ಎಂಬುದಕ್ಕೆ ಅದು ಸಾಕ್ಷಿಯಲ್ಲ. ಆದ್ದರಿಂದ ಮೋಟಾರಿಗೆ ಹರಿಯುವ ವಿದ್ಯುತ್ತನ್ನು ಅಳೆದು, ಅದರ ನೈಜ ಸ್ಥಿತಿಯನ್ನು ಪ್ರತ್ಯೇಕ ಉತ್ತರವಾಗಿ ಕಳುಹಿಸಬೇಕಾಗುತ್ತದೆ.

ಸುರಕ್ಷತೆ

‘ಟ್ಯಾಂಕು ತುಂಬಿದೆ, ನಿಲ್ಲಿಸು’ ಎಂಬ ಒಂದೇ ಆಜ್ಞೆಯನ್ನು ನಂಬಿದರೆ, ಅದು ತಲುಪದಿದ್ದಾಗ ಮೋಟಾರು ಓಡುತ್ತಲೇ ಇರುತ್ತದೆ. ಇದಕ್ಕೆ ಬದಲಾಗಿ, ಟ್ಯಾಂಕಿನ ಘಟಕವು ಉದಾಹರಣೆಗೆ 2 ಸೆಕೆಂಡಿಗೊಮ್ಮೆ ‘ಇನ್ನೂ ನೀರು ಬೇಕು’ ಎಂದು ತಿಳಿಸುತ್ತಿರಬೇಕು. 10 ಸೆಕೆಂಡು ಈ ಸಂದೇಶ ಬಾರದಿದ್ದರೆ ಮೋಟಾರಿನ ಘಟಕವು ತಾನೇ ವಿದ್ಯುತ್ತನ್ನು ಕಡಿತಗೊಳಿಸಬೇಕು. ಹೀಗೆ ಮೌನವನ್ನು ‘ನಿಲ್ಲಿಸು’ ಎಂದೇ ಅರ್ಥೈಸುವುದು ಸುರಕ್ಷಿತ ವಿನ್ಯಾಸದ ಮೂಲ ನಿಯಮ. 230 ವೋಲ್ಟ್ ಸಂಪರ್ಕದ ಕೆಲಸವನ್ನು ಮಾತ್ರ ಅರ್ಹ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸಬೇಕು.