ಕ್ಷಯಕ್ಕೆ ರಕ್ತವಲ್ಲ, ಕಫ

ಎಲೈಸಾ ಪರೀಕ್ಷೆಯ ತಟ್ಟೆ ಅಂಗೈಗಿಂತ ತುಸು ದೊಡ್ಡದು. ಅದರಲ್ಲಿ 96 ಪುಟ್ಟ ಗುಳಿಗಳು. ಗುಳಿಯ ತಳಕ್ಕೆ ರೋಗಾಣುವಿನ ಪ್ರೋಟೀನು ಮೊದಲೇ ಅಂಟಿಸಿರುತ್ತಾರೆ. ರಕ್ತದಿಂದ ಬೇರ್ಪಡಿಸಿದ ಸೀರಂ ಹಾಕಿದಾಗ, ಅದರಲ್ಲಿ ಆ ರೋಗಾಣುವಿನ ವಿರುದ್ಧದ ಪ್ರತಿಕಾಯಗಳಿದ್ದರೆ ಹೋಗಿ ಕಚ್ಚಿಕೊಳ್ಳುತ್ತವೆ, ತೊಳೆದರೂ ಬಿಡುವುದಿಲ್ಲ. ಕೊನೆಯ ದ್ರಾವಣ ಬಿದ್ದಾಗ ಅಂಥ ಗುಳಿ ಸಾಮಾನ್ಯವಾಗಿ ಹಳದಿಗೆ ತಿರುಗುತ್ತದೆ.

ಹಳದಿ ಬಂತೆಂದರೆ ರೋಗ ಇದೆ ಎಂದೇ? ಅದು ಯಾವ ರೋಗ ಎನ್ನುವುದರ ಮೇಲಿದೆ. ಎಚ್‌ಐವಿ ಒಮ್ಮೆ ಮೈಹೊಕ್ಕರೆ ತಾನಾಗಿ ಹೋಗುವುದಿಲ್ಲ. ಹಾಗಾಗಿ ಮತ್ತೆ ಪರೀಕ್ಷಿಸಿ ಪ್ರತಿಕಾಯ ಖಚಿತವಾದರೆ ವೈರಸ್ಸೂ ಇದೆ ಎಂದೇ ಅರ್ಥ. ಎಳೆಗೂಸುಗಳ ಮಾತು ಬೇರೆ. ತಾಯಿಯಿಂದ ಬಂದ ಪ್ರತಿಕಾಯ ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿದಿರಬಹುದು.

ಕ್ಷಯದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಅದರ ಬ್ಯಾಕ್ಟೀರಿಯಾ ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಮಲಗಿರಬಲ್ಲದು. ಹಾಗೆ ಹೊತ್ತುಕೊಂಡವರಲ್ಲಿ ಬಹುಪಾಲು ಜನ ಜೀವಮಾನವಿಡೀ ಕಾಯಿಲೆ ಬೀಳುವುದಿಲ್ಲ, ಆದರೂ ಅವರ ರಕ್ತದಲ್ಲಿ ಪ್ರತಿಕಾಯ ಸಿಗಬಹುದು. ಇತ್ತ ನಿಜವಾಗಿ ಕ್ಷಯದಿಂದ ನರಳುವವರಲ್ಲೇ ಸಿಗದಿರಬಹುದು. ಏಕೆಂದರೆ ಈ ಹೋರಾಟದಲ್ಲಿ ಮುಂದೆ ನಿಲ್ಲುವುದು ಪ್ರತಿಕಾಯಗಳಲ್ಲ, ಬಿಳಿರಕ್ತಕಣಗಳು.

ಇಷ್ಟಾದರೂ ನಮ್ಮ ಖಾಸಗಿ ಲ್ಯಾಬುಗಳಲ್ಲಿ ‘ಟಿಬಿ ಐಜಿಜಿ, ಐಜಿಎಂ’ ಎಂಬ ಪ್ರತಿಕಾಯ ಪರೀಕ್ಷೆ ಬಹುಕಾಲ ನಡೆಯಿತು. ರೋಗವಿಲ್ಲದವರು ಯಕೃತ್ತಿಗೆ ಭಾರವಾಗುವ ಮಾತ್ರೆಗಳನ್ನು ಆರು ತಿಂಗಳು ನುಂಗುವಂತಾಗುತ್ತಿತ್ತು. ರೋಗವಿದ್ದವರು ‘ಏನೂ ಇಲ್ಲವಂತೆ’ ಎಂದು ನೆಮ್ಮದಿಯಿಂದ ಮನೆಗೆ ಮರಳಿ, ಮಕ್ಕಳ ನಡುವೆ ಕೆಮ್ಮುತ್ತ ಮಲಗುವುದಿತ್ತು. ಈ ಎರಡನೆಯದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಪರೀಕ್ಷೆ ಬೇಡವೆಂದು ಸ್ಪಷ್ಟವಾಗಿ ಹೇಳಿತು. 2012ರಲ್ಲಿ ಭಾರತ ಇದರ ಕಿಟ್‌ಗಳ ಆಮದು, ತಯಾರಿಕೆ, ಮಾರಾಟ ಮೂರನ್ನೂ ನಿಷೇಧಿಸಿತು. ತಡವಾದರೂ ಸರಿಯಾದ ಕೆಲಸ.

ಶ್ವಾಸಕೋಶದ ಕ್ಷಯಕ್ಕೆ ಸಾಕ್ಷಿ ಹುಡುಕಬೇಕಾದದ್ದು ಕಫದಲ್ಲಿ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಟ್ರೂನ್ಯಾಟ್ ಯಂತ್ರ ಕಫದಲ್ಲಿ ರೋಗಾಣುವಿನ ಡಿಎನ್‌ಎಯನ್ನೇ ಪತ್ತೆ ಮಾಡುತ್ತದೆ. ರಿಫಾಂಪಿಸಿನ್ ಔಷಧಕ್ಕೆ ಅದು ಬಗ್ಗುತ್ತದೋ ಇಲ್ಲವೋ ಎಂಬುದನ್ನೂ ಒಂದೆರಡು ಗಂಟೆಯಲ್ಲಿ ತಿಳಿಸುತ್ತದೆ.

ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ಇಳಿಯುವ ತೂಕ ಇದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಕೊಡಿ. ಬಾಯಿಯ ಎಂಜಲಲ್ಲ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ. ಪರೀಕ್ಷೆಯೂ ಔಷಧವೂ ಅಲ್ಲಿ ಉಚಿತ.