ದಡದ ಮರಳಿಗೆ ಕಡಲಿನಲ್ಲೇ ಸಾಲ

ಕಡಲತೀರವೆಂಬುದು ಸ್ಥಿರವಾದ ನೆಲವಲ್ಲ. ನದಿಗಳು ತಂದು ಸುರಿಯುವ ಮರಳಿಗೂ ಅಲೆಗಳು ಕೊಂಡೊಯ್ಯುವ ಮರಳಿಗೂ ನಡುವಿನ ಜಮಾಖರ್ಚಿನಲ್ಲಿ ಉಳಿಯುವ ಶಿಲ್ಕು. ಕಾವೇರಿಯ ಮರಳು ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ತಂಗುವುದರಿಂದ, ಪೂರ್ವದ ಕಡಲಿಗೆ ಸಲ್ಲಬೇಕಾದ ಜಮೆ ಮೈಸೂರು ಸೀಮೆಯಲ್ಲೇ ಕಡಿತಗೊಳ್ಳುತ್ತದೆ. ಖರ್ಚಿನ ಬದಿ ಕಾಣಸಿಗುವುದು ಪಶ್ಚಿಮದ ಉಳ್ಳಾಲದಲ್ಲಿ. ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯ ದಕ್ಷಿಣಕ್ಕಿರುವ ಈ ಊರಿನಲ್ಲಿ, ದೋಣಿಗಳ ಹಾದಿಗಾಗಿ ಅಳಿವೆಬಾಯಿಗೆ ಕಟ್ಟಿದ ಅಲೆತಡೆಗಳು ದಡದುದ್ದಕ್ಕೂ ಸಾಗುವ ಮರಳಿನ ಓಟವನ್ನು ಮುರಿದವು. ಮನೆಗಳೂ ತೆಂಗುಗಳೂ ಮಳೆಗಾಲದ ಕಡಲ್ಕೊರೆತದ ಪಾಲಾದವು. 2010ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕು ಒಪ್ಪಿದ ಸಾಲದ ನೆರವಿನಿಂದ ಇಲ್ಲಿ ಅಲೆತಡೆಗಳ ದುರಸ್ತಿಯ ಜೊತೆಗೆ, ಅಲೆಗಳ ಕಸುವನ್ನು ಮೊದಲೇ ಕುಗ್ಗಿಸಲೆಂದು ಮರಳು ತುಂಬಿದ ಭಾರಿ ಚೀಲಗಳ ದಿಬ್ಬಗಳನ್ನು ನೀರೊಳಗೆ ಕಟ್ಟಲಾಯಿತು.

ಕರಗಿದ ದಡಕ್ಕೆ ಹೊರಗಡಲಿನ ಮರಳನ್ನೇ ತಂದು ತುಂಬುವುದು ಇನ್ನೊಂದು ದಾರಿ. ಡ್ರೆಜರ್ ಎಂಬ ಹೂಳೆತ್ತುವ ಹಡಗು ಮಗ್ಗುಲಿನಿಂದ ಇಳಿಬಿಟ್ಟ ಕೊಳವೆಯನ್ನು ಕಡಲತಳದ ಮೇಲೆ ಎಳೆಯುತ್ತ ಮರಳನ್ನೂ ನೀರನ್ನೂ ಒಟ್ಟಿಗೆ ಹೀರಿ, ಒಡಲಿನಲ್ಲಿ ಮರಳು ತಂಗಿದ ಮೇಲೆ ನೀರನ್ನು ಹೊರಚೆಲ್ಲಿ, ದಡದತ್ತ ಬಂದು ಅದನ್ನು ಮತ್ತೆ ರಾಡಿಯಾಗಿಸಿ ಕೊಳವೆಯಲ್ಲಿ ನೂಕುತ್ತದೆ. ಅಲೆಗಳು ಮರಳನ್ನು ಅತ್ತಿತ್ತ ಆಡಿಸುವ ವಲಯಕ್ಕೆ ಒಂದು ಹೊರ ಎಲ್ಲೆಯುಂಟು. ಅದರೊಳಗೆ ತೋಡಿದರೆ ಹೊಸ ದಡದ ಮರಳೇ ಜಾರಿ ಆ ಗುಂಡಿಯನ್ನು ತುಂಬುವುದರಿಂದ, ಸಾಲವನ್ನು ತನ್ನದೇ ಜೇಬಿನಿಂದ ಪಡೆದಂತಾಗುತ್ತದೆ.

ಹಾಗೆಂದು ತೋಡಬೇಕಾದ, ಆ ಎಲ್ಲೆಯಾಚೆಗಿನ ತಳವೂ ಬರಿಯ ಮರಳಲ್ಲ. ಕರಾವಳಿಯವರು ಮರುವಾಯಿ ಎನ್ನುವ ಚಿಪ್ಪುಜೀವಿಗಳು, ಹುಳುಗಳು, ಸಣ್ಣ ಏಡಿಗಳು ಅದರ ಮೇಲ್ಪದರದಲ್ಲೇ ಬಾಳುತ್ತವೆ; ಮಂಗಳೂರಿನ ಊಟದ ಎಲೆಗೆ ಬರುವ ಕಾಣೆ ಮೀನು ಮೇಯುವುದು ಇಂಥ ತಳದಲ್ಲಿ. ಹಡಗು ಚೆಲ್ಲುವ ನೀರಿನ ಸಣ್ಣ ಮಣ್ಣು ತೇಲಿ ಬಂದು ತಳದಲ್ಲಿ ಕೂತರೆ, ನೀರನ್ನು ಸೋಸಿ ಉಣ್ಣುವ ಚಿಪ್ಪುಜೀವಿಗಳ ಉಸಿರೇ ಕಟ್ಟೀತು. ಆದಕಾರಣ ಕಾಳು ದಪ್ಪವಿದ್ದು ಕೆಸರು ಕಡಿಮೆಯಿರುವ ಮರಳನ್ನು ಹುಡುಕುವುದು, ಒಂದೇ ಕಡೆ ಆಳವಾಗಿ ತೋಡದೆ ನಡುನಡುವೆ ಮುಟ್ಟದ ಪಟ್ಟಿಗಳನ್ನು ಬಿಟ್ಟು ಅಲ್ಲಿಂದ ಜೀವಿಗಳು ಮರಳಿ ಹಬ್ಬಲು ಎಡೆಕೊಡುವುದು, ಇಂಜಿನಿಯರಿಂಗಿನಷ್ಟೇ ಜೀವಶಾಸ್ತ್ರದ ಲೆಕ್ಕ. ಬಣ್ಣವೂ ನಗಣ್ಯವಲ್ಲ: ಆಲಿವ್ ರಿಡ್ಲೆ ಕಡಲಾಮೆಯ ಮರಿ ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಬಿಸುಪು ನಿರ್ಧರಿಸುವುದರಿಂದ, ಹೆಚ್ಚು ಕಾಯುವ ಕಪ್ಪು ಮರಳು ಹೆಣ್ಣುಮರಿಗಳನ್ನೇ ಹೆಚ್ಚಿಸುತ್ತದೆ. ಕೆಲಸದ ಕಾಲವೂ ತೊಡಕಿನದೇ: ಮಳೆಗಾಲದ ಕಡಲಿನಲ್ಲಿ ಹಡಗು ನಿಲ್ಲದು. ಆದರೆ ಕಡಲು ಶಾಂತವಾಗುವ ಚಳಿಗಾಲವೇ ಆಮೆಗಳು ಮೊಟ್ಟೆಯಿಡಲು ದಡವೇರುವ ಕಾಲ.

ಇಷ್ಟೆಲ್ಲ ಮಾಡಿ ತುಂಬಿದ ಮರಳೂ ಕೆಲವು ವರ್ಷಗಳಲ್ಲಿ ಕರಗುತ್ತದೆ, ಏಕೆಂದರೆ ಓಟವನ್ನು ಮುರಿದ ಅಲೆತಡೆಗಳು ಅಲ್ಲೇ ಇರುತ್ತವೆ.